ನೂರನಲವತ್ತು ಲೇಖನ ಓದಿದ ಮೇಲೆ

ಪ್ರಶ್ನೆ: ನಾನು ಬೆಳಗಾವಿಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕಿ. ಕೆಲಸ ಮಾಡುತ್ತಲೇ ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡಿದ್ದೇನೆ. ಫೌಂಡ್ರಿಗಳಲ್ಲಿ ವ್ಯವಹಾರ ನಿರ್ಧಾರ ಮತ್ತು ಕಾರ್ಯತಂತ್ರ ನನ್ನ ವಿಷಯ. ಎರಡನೇ ಅಧ್ಯಾಯವಾದ ಲಿಟರೇಚರ್ ರಿವ್ಯೂಗಾಗಿ 140 ಲೇಖನ ಓದಿ, 70 ಪುಟ ಬರೆದುಕೊಟ್ಟೆ. ಗೈಡ್ ಅದನ್ನು ಹಿಂದಿರುಗಿಸಿ, ‘ಇದು ಪಟ್ಟಿ, ರಿವ್ಯೂ ಅಲ್ಲ’ ಎಂದಷ್ಟೇ ಬರೆದಿದ್ದಾರೆ. ಎರಡಕ್ಕೂ ವ್ಯತ್ಯಾಸವೇನು? ಇನ್ನೂ ಎಷ್ಟು ಓದಬೇಕು? ಕೇಳಲು ಸಂಕೋಚವಾಗುತ್ತಿದೆ.

ಉತ್ತರ: ಸಂಕೋಚ ಬೇಡ. ಕೇಳಿದ್ದು ಒಳ್ಳೆಯದಾಯಿತು. ಎಂ.ಕಾಂ., ಎಂಬಿಎ ತರಗತಿಗಳಲ್ಲಿ ನಾವು ಸಿದ್ಧಾಂತಗಳನ್ನು ಪಾಠ ಮಾಡುತ್ತೇವೆ, ಲೆಕ್ಕ ಬಿಡಿಸಲು ಕಲಿಸುತ್ತೇವೆ. ಓದಿದ್ದನ್ನು ಒಂದರ ಎದುರು ಇನ್ನೊಂದನ್ನಿಟ್ಟು ಬರೆಯುವುದು ಹೇಗೆಂದು ಮಾತ್ರ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಅದು ತಾನಾಗಿ ಬರುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ನಿಮ್ಮ ಗೈಡ್ ಹೇಳಿದ ಮಾತು ಬಹುಶಃ ಸರಿಯೇ ಇರಬಹುದು, ಆದರೆ ಒಂದೇ ಸಾಲಿನಲ್ಲಿ ಮುಗಿಸುವಂಥ ಮಾತಲ್ಲ ಅದು. ಸ್ವಲ್ಪ ಬಿಡಿಸಿ ನೋಡೋಣ.

ನೀವು ಕೇಳಿದ್ದು ಎರಡು ಪ್ರಶ್ನೆ: ಪಟ್ಟಿಗೂ ಸಮೀಕ್ಷೆಗೂ ಇರುವ ಭೇದ ಯಾವುದು, ಎಷ್ಟು ಓದಿದರೆ ಸಾಕು. ಮೊದಲನೆಯದು ತಿಳಿದರೆ ಎರಡನೆಯದಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ಪಟ್ಟಿಯನ್ನು ಗುರುತಿಸಲು ಸುಲಭವಾದ ಪರೀಕ್ಷೆಯೊಂದಿದೆ. ನಿಮ್ಮ ಅಧ್ಯಾಯದ ಯಾವುದಾದರೂ ಐದು ಪುಟ ತೆಗೆದುಕೊಳ್ಳಿ. ಪ್ಯಾರಾಗಳನ್ನು ಕತ್ತರಿಸಿ, ಹಿಂದುಮುಂದು ಮಾಡಿ ಮತ್ತೆ ಓದಿ. ಅರ್ಥಕ್ಕೆ ಏನೂ ಧಕ್ಕೆಯಾಗದಿದ್ದರೆ ಅದು ಪಟ್ಟಿ. ಪ್ರತಿ ಪ್ಯಾರಾ ಒಬ್ಬ ಲೇಖಕರ ಹೆಸರಿನಿಂದ ಶುರುವಾಗಿ, ಅವರು ಕಂಡುಕೊಂಡದ್ದನ್ನು ಹೇಳಿ, ಮುಂದಿನ ಲೇಖಕರಿಗೆ ಜಾಗ ಬಿಟ್ಟುಕೊಡುತ್ತಿದ್ದರೆ ಹೀಗೆಯೇ ಆಗುತ್ತದೆ. ಸಮೀಕ್ಷೆಯಲ್ಲಿ ಒಂದು ಪ್ಯಾರಾ ಕಿತ್ತರೆ ಅದರ ಮುಂದಿನದು ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ಒಂದು ವಾದ ಮುಂದಕ್ಕೆ ನಡೆಯುತ್ತಿರುತ್ತದೆ.

ನಿಮ್ಮ ವಿಷಯದಿಂದಲೇ ಉದಾಹರಣೆ ಕೊಡುತ್ತೇನೆ. ಕಂಪನಿಗಳು ದೊಡ್ಡ ನಿರ್ಧಾರ ಮಾಡುವ ಮುನ್ನ ಕೂಲಂಕಷವಾಗಿ ವಿಚಾರ ಮಾಡಬೇಕೇ, ಅಂದರೆ ಎಲ್ಲ ಮಾಹಿತಿ ಕಲೆಹಾಕಿ, ಎಲ್ಲ ದಾರಿಗಳನ್ನೂ ತೂಗಿ ನೋಡಬೇಕೇ, ಅದರಿಂದ ವ್ಯವಹಾರಕ್ಕೆ ಲಾಭವಾಗುತ್ತದೆಯೇ ಎಂಬುದು ಈ ಕ್ಷೇತ್ರದ ಹಳೆಯ ಪ್ರಶ್ನೆ. ಆಗುತ್ತದೆ ಎಂದೇ ನಮಗೆಲ್ಲ ಅನ್ನಿಸುತ್ತದೆ. 1984ರಲ್ಲಿ ಜೇಮ್ಸ್ ಫ್ರೆಡ್ರಿಕ್ಸನ್ ಮತ್ತು ಟೆರೆನ್ಸ್ ಮಿಚೆಲ್ ಅಮೆರಿಕದ ಮರದ ಉದ್ಯಮವನ್ನು, ಸಾಮಿಲ್ಲುಗಳು ಸೇರಿದ ಏರಿಳಿತದ ಮಾರುಕಟ್ಟೆಯನ್ನು, ಪರೀಕ್ಷಿಸಿದರು. ಅಲ್ಲಿ ಕೂಲಂಕಷತೆ ಹೆಚ್ಚಿದ್ದ ಕಂಪನಿಗಳ ಸಾಧನೆ ಕಡಿಮೆಯಿತ್ತು. ಅದೇ ವರ್ಷ ಫ್ರೆಡ್ರಿಕ್ಸನ್ ಒಬ್ಬರೇ ಬಣ್ಣದ ಉದ್ಯಮವನ್ನು ನೋಡಿದರು. ಅದು ಸ್ಥಿರವಾದ ಮಾರುಕಟ್ಟೆ. ಅಲ್ಲಿ ಫಲಿತಾಂಶ ತಿರುವುಮುರುವಾಯಿತು, ಕೂಲಂಕಷತೆಯ ಜೊತೆಗೆ ಸಾಧನೆಯೂ ಏರಿತ್ತು. ಹಾಗಾದರೆ ಸ್ಥಿರ ಕಾಲದಲ್ಲಿ ನಿಧಾನವಾಗಿ ಎಲ್ಲವನ್ನೂ ತೂಗಿ ನೋಡಬಹುದು, ಅಸ್ಥಿರ ಕಾಲದಲ್ಲಿ ಅದಕ್ಕೆ ಸಮಯವಿಲ್ಲ ಎಂದು ಒಂದು ತೀರ್ಮಾನಕ್ಕೆ ಬರಬಹುದಿತ್ತು.

ಐದು ವರ್ಷದ ಬಳಿಕ, 1989ರಲ್ಲಿ, ಕ್ಯಾಥ್ಲೀನ್ ಐಸನ್‌ಹಾರ್ಟ್ ಮೈಕ್ರೊಕಂಪ್ಯೂಟರ್ ತಯಾರಿಸುವ ಎಂಟು ಕಂಪನಿಗಳೊಳಗೆ ಹೋಗಿ, ಮೇಲಧಿಕಾರಿಗಳನ್ನು ಮಾತಾಡಿಸಿ, ನಡೆದುಹೋದ ನಿರ್ಧಾರಗಳ ಜಾಡು ಹಿಡಿದರು. ಅಂದಿನ ಮೈಕ್ರೊಕಂಪ್ಯೂಟರ್ ಮಾರುಕಟ್ಟೆಯಷ್ಟು ವೇಗವಾಗಿ ಬದಲಾಗುತ್ತಿದ್ದ ಇನ್ನೊಂದು ಮಾರುಕಟ್ಟೆಯನ್ನು ಹುಡುಕುವುದು ಕಷ್ಟ. ಅವರು ಕಂಡದ್ದು: ಬೇಗ ನಿರ್ಧರಿಸಿದವರು ಕಡಿಮೆ ಮಾಹಿತಿ ಬಳಸಿರಲಿಲ್ಲ, ನಿಧಾನಿಗಳಿಗಿಂತ ಹೆಚ್ಚೇ ಬಳಸಿದ್ದರು. ಅವರ ಮುಂದಿದ್ದ ಆಯ್ಕೆಗಳೂ ಹೆಚ್ಚಿದ್ದವು. 1996ರಲ್ಲಿ ಜೇಮ್ಸ್ ಡೀನ್ ಮತ್ತು ಮಾರ್ಕ್ ಶಾರ್ಫ್‌ಮನ್ 24 ಕಂಪನಿಗಳ 52 ನಿರ್ಧಾರಗಳನ್ನು ಬೆನ್ನುಹತ್ತಿ ನೋಡಿ, ವಿಚಾರಪೂರ್ವಕವಾಗಿ ಮಾಡಿದ ನಿರ್ಧಾರಗಳು ಹೆಚ್ಚು ಫಲ ಕೊಟ್ಟವು, ಒಳರಾಜಕೀಯದಿಂದ ಹುಟ್ಟಿದವು ಕೆಟ್ಟವು ಎಂದರು.

ಈ ನಾಲ್ಕು ಲೇಖನಗಳನ್ನು ನಾಲ್ಕು ಪ್ಯಾರಾಗಳಲ್ಲಿ ಸಾರಾಂಶ ಮಾಡಿ ಮುಂದೆ ಹೋದರೆ ಪಟ್ಟಿಯಾಯಿತು. ಸಮೀಕ್ಷೆ ಮಾಡುವವರು ಇಲ್ಲಿ ಕುಳಿತುಬಿಡಬೇಕು. ಮರದ ಉದ್ಯಮವೂ ಅಸ್ಥಿರ, ಮೈಕ್ರೊಕಂಪ್ಯೂಟರೂ ಅಸ್ಥಿರ. ಒಂದು ಕಡೆ ಕೂಲಂಕಷತೆ ಮುಳುವಾದರೆ ಇನ್ನೊಂದು ಕಡೆ ಹೆಚ್ಚು ಮಾಹಿತಿಯೇ ಬಲವಾಗಿದೆ. ಏಕೆ?

ಉತ್ತರಗಳು ಹಲವು ಇರಬಹುದು, ಒಂದೊಂದನ್ನೂ ಮುಟ್ಟಿ ನೋಡಬೇಕು. ಅಳತೆಯ ಬಗೆ ಬೇರೆಯಿರಬಹುದು. ಫ್ರೆಡ್ರಿಕ್ಸನ್ ಅಧಿಕಾರಿಗಳಿಗೆ ಒಂದು ಕಲ್ಪಿತ ಸನ್ನಿವೇಶ ಕೊಟ್ಟು, ನಿಮ್ಮ ಕಂಪನಿ ಇಂಥಲ್ಲಿ ಏನು ಮಾಡುತ್ತದೆ ಎಂದು ಕೇಳಿದ್ದರು. ಐಸನ್‌ಹಾರ್ಟ್ ನಿಜವಾಗಿ ನಡೆದ ನಿರ್ಧಾರಗಳನ್ನೇ ಕೆದಕಿದರು. ‘ಕೂಲಂಕಷತೆ’ ಎಂಬ ಮಾತಿನ ಅರ್ಥವೇ ಬೇರೆಯಿರಬಹುದು. ವರದಿ, ಮುನ್ನಂದಾಜು, ಹಂತಹಂತದ ವಿಶ್ಲೇಷಣೆ ಒಂದು ಬಗೆಯಾದರೆ, ಇವತ್ತಿನ ಮಾರಾಟವೆಷ್ಟು, ದಾಸ್ತಾನೆಷ್ಟು ಎಂಬ ತಾಜಾ ಸಂಗತಿಗಳ ಮೇಲೆ ಸದಾ ಕಣ್ಣಿಡುವುದು ಮತ್ತೊಂದು ಬಗೆ. ಐಸನ್‌ಹಾರ್ಟರ ವೇಗದ ಕಂಪನಿಗಳು ಎರಡನೆಯದನ್ನು ಮಾಡುತ್ತಿದ್ದವು. ಕೊನೆಗೆ, ‘ಅಸ್ಥಿರ’ ಎಂಬ ಮಾತೂ ಒಂದೇ ವಸ್ತುವಿನ ಹೆಸರಾಗಿರದೆ ಇರಬಹುದು. 2007ರಲ್ಲಿ ಡೇನಿಯಲ್ ಫೋರ್ಬ್ಸ್ ಈ ಕೊನೆಯ ಎಳೆಯನ್ನು ಹಿಡಿದು ಒಂದು ಸೈದ್ಧಾಂತಿಕ ಲೇಖನ ಬರೆದರು. ಮಾರುಕಟ್ಟೆಯಲ್ಲಿ ಮಾಹಿತಿ ಎಷ್ಟು ಸಿಗುತ್ತದೆ ಎಂಬುದು ಬೇರೆ, ಸಿಕ್ಕ ಮಾಹಿತಿಗೆ ಸ್ಪಷ್ಟ ಅರ್ಥವಿದೆಯೇ ಎಂಬುದು ಬೇರೆ, ಇವೆರಡನ್ನೂ ಬಿಡಿಸದೆ ಕೂಲಂಕಷತೆಯ ಫಲವನ್ನು ಹೇಳಲಾಗದು ಎಂಬುದು ಅವರ ವಾದದ ತಿರುಳು.

ಈಗ ನೋಡಿ, ಐದು ಲೇಖನಗಳು ಒಂದು ಜಗಳದೊಳಗೆ ಬಂದವು. ಒಂದನ್ನು ತೆಗೆದರೆ ಇನ್ನೊಂದು ಅರ್ಥವಾಗುವುದಿಲ್ಲ. ನಿಮ್ಮ 140ರಲ್ಲಿ ಇಂಥ ನಾಲ್ಕೈದು ಜಗಳಗಳು ಖಂಡಿತ ಇವೆ. ಅವನ್ನು ಹುಡುಕಿ ತೆಗೆಯುವುದೇ ಸಮೀಕ್ಷೆಯ ಕೆಲಸ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಬಹಳ ಸಹಜವಾದ ಗೊಂದಲ ಅದು, ಒಳ್ಳೆಯ ವಿದ್ಯಾರ್ಥಿಗಳೂ ಅದರಲ್ಲಿ ಸಿಕ್ಕಿಬೀಳುತ್ತಾರೆ. ರಿಸರ್ಚ್ ಗ್ಯಾಪ್ ತೋರಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಹಾಗಾಗಿ ಅಧ್ಯಾಯದ ಕೊನೆಯಲ್ಲಿ ‘ಬೆಳಗಾವಿ ಜಿಲ್ಲೆಯ ಫೌಂಡ್ರಿಗಳ ಬಗ್ಗೆ ಇಂಥ ಅಧ್ಯಯನ ಈವರೆಗೆ ನಡೆದಿಲ್ಲ’ ಎಂದು ಬರೆದು, ಗ್ಯಾಪ್ ಸಿಕ್ಕಿತು ಎಂದುಕೊಳ್ಳುತ್ತೇವೆ. ಜಿಲ್ಲೆಯ ಹೆಸರು, ಉದ್ಯಮದ ಹೆಸರು ಬದಲಿಸಿದರೆ ಸಾಕು, ಈ ವಾಕ್ಯ ಯಾವ ಮಹಾಪ್ರಬಂಧಕ್ಕೂ ಹೊಂದುತ್ತದೆ. ಯಾರೂ ಮಾಡಿಲ್ಲ ಎಂಬುದು ಮಾಡಲು ಕಾರಣವಾಗುವುದಿಲ್ಲ. ಆ ಜಾಗದಲ್ಲಿ, ಆ ಉದ್ಯಮದಲ್ಲಿ, ಹಿಂದಿನವರ ವಿವರಣೆ ಎಲ್ಲಿ ಮುಗ್ಗರಿಸುತ್ತದೆ ಎಂದು ತೋರಿಸಿದಾಗ ಅದು ಕಾರಣವಾಗುತ್ತದೆ.

ನಿಮ್ಮ ಸಂದರ್ಭದಲ್ಲಿ ಅದು ಸಾಧ್ಯವಿದೆ ಎಂದು ನನಗೆ ಅನ್ನಿಸುತ್ತದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಿಮ್ಮ ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಒಬ್ಬ ಫೌಂಡ್ರಿ ಮಾಲೀಕರನ್ನು ಕಣ್ಣಮುಂದೆ ತಂದುಕೊಳ್ಳಿ. ಪಿಗ್ ಐರನ್‌ ಮತ್ತು ಗುಜರಿಯ ದರ ಏರಿಳಿಯುತ್ತಲೇ ಇರುತ್ತದೆ. ಇದು ಅಸ್ಥಿರತೆ ನಿಜ, ಆದರೆ ಎರಡು ಫೋನ್ ಮಾಡಿದರೆ ಇವತ್ತಿನ ದರ ಗೊತ್ತಾಗುತ್ತದೆ, ದರ ಏರಿತೆಂದರೆ ಏನರ್ಥ ಎಂಬುದರಲ್ಲಿ ಸಂಶಯವಿಲ್ಲ. ಅದೇ ಮಾಲೀಕರು ವಾಹನದ ಎಂಜಿನ್ನಿಗೆ ಎರಕದ ಬಿಡಿಭಾಗ ಮಾಡಿಕೊಡುವವರಾದರೆ, ವಿದ್ಯುತ್ ವಾಹನಗಳು ಬಂದಂತೆ ಆ ಕೆಲಸ ಎಷ್ಟು ವರ್ಷ ಉಳಿಯುತ್ತದೆ ಎಂಬುದೂ ಅವರ ಮುಂದಿದೆ. ಇದರ ಬಗ್ಗೆ ಮಾಹಿತಿಗೆ ಬರವಿಲ್ಲ, ದಿನಪತ್ರಿಕೆ ತುಂಬ ಅದೇ ಸುದ್ದಿ. ಅದರ ಅರ್ಥವೇನೆಂದು ಮಾತ್ರ ಯಾರಿಗೂ ಖಚಿತವಿಲ್ಲ. ಕೋಕ್ ಉರಿಸುವ ಕ್ಯುಪೋಲಾ ಕುಲುಮೆಯನ್ನು ತೆಗೆದು ಕರೆಂಟಿನ ಇಂಡಕ್ಷನ್ ಕುಲುಮೆ ಹಾಕಿಸಬೇಕೇ ಎಂಬ ಒಂದೇ ನಿರ್ಧಾರದಲ್ಲಿ ಈ ಎರಡೂ ಬಗೆಯ ಅಸ್ಥಿರತೆ ಒಟ್ಟಿಗೆ ಬಂದು ಕೂರುತ್ತವೆ. ಮೇಲಿನ ಅಧ್ಯಯನಗಳಲ್ಲಿ ಒಂದು ಉದ್ಯಮವೆಂದರೆ ಒಂದು ಬಗೆಯ ಪರಿಸರ: ಬಣ್ಣ ಸ್ಥಿರ, ಮರ ಅಸ್ಥಿರ, ಕಂಪ್ಯೂಟರ್ ಅತಿವೇಗ. ಒಬ್ಬರೇ ಮಾಲೀಕರ ಮೇಜಿಗೆ ಎರಡು ಬಗೆಯ ಅನಿಶ್ಚಿತತೆ ಒಂದೇ ವಾರ ಬಂದರೆ ಅವರು ಎರಡಕ್ಕೂ ಒಂದೇ ರೀತಿ ವಿಚಾರ ಮಾಡುತ್ತಾರೆಯೇ, ಮಾಡಬೇಕೇ? ಹೀಗೆ ಕೇಳಿದರೆ ಬೆಳಗಾವಿ ಎಂಬುದು ಬರೀ ವಿಳಾಸವಾಗಿ ಉಳಿಯುವುದಿಲ್ಲ, ಪ್ರಶ್ನೆಯ ಒಳಗೆ ಬರುತ್ತದೆ. ಇದೇ ಪ್ರಶ್ನೆಯನ್ನು ತೆಗೆದುಕೊಳ್ಳಿ ಎಂದು ಹೇಳುತ್ತಿಲ್ಲ. ನೀವು ಹತ್ತು ಫೌಂಡ್ರಿ ನೋಡಿದ ಮೇಲೆ ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆಯಬಹುದು.

ಇನ್ನು ಇದನ್ನು ಮಾಡುವ ಬಗೆ. ಮೊದಲು ಬೆನ್ನೆಲುಬು ಬೇಕು. ನಿರ್ಧಾರದ ಅಧ್ಯಯನ ಮತ್ತು ಕಾರ್ಯತಂತ್ರದ ಅಧ್ಯಯನ ಎರಡು ಬೇರೆ ಮನೆತನಗಳು. ನಿರ್ಧಾರದ ಕಡೆ ಮೂಲಪುರುಷ ಹರ್ಬರ್ಟ್ ಸೈಮನ್. ಮನುಷ್ಯನಿಗೆ ಎಲ್ಲ ಮಾಹಿತಿ ಸಿಗದು, ಸಿಕ್ಕರೂ ಲೆಕ್ಕ ಹಾಕುವಷ್ಟು ಶಕ್ತಿಯಿಲ್ಲ, ಆದ್ದರಿಂದ ಅತ್ಯುತ್ತಮವಾದದ್ದನ್ನು ಹುಡುಕದೆ ‘ಇಷ್ಟು ಸಾಕು’ ಎನ್ನಿಸಿದಲ್ಲಿ ನಿಲ್ಲುತ್ತಾನೆ ಎಂದು ತೋರಿಸಿದವರು. 1947ರ ಅವರ ‘ಅಡ್ಮಿನಿಸ್ಟ್ರೇಟಿವ್ ಬಿಹೇವಿಯರ್’ ಹುಟ್ಟಿದ್ದು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪಿಎಚ್‌.ಡಿ. ಪ್ರಬಂಧದಿಂದಲೇ ಎಂಬುದು ನಿಮಗೆ ಧೈರ್ಯ ಕೊಡಲಿ. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ದಾರಿಯಲ್ಲೇ 1963ರ ಸೈಯರ್ಟ್ ಮತ್ತು ಮಾರ್ಚ್ ಅವರ ಪುಸ್ತಕ, ಮುಂದೆ ಕಾನ್‌ಮನ್ ಮತ್ತು ಟ್ವೆರ್ಸ್ಕಿ ಬರುತ್ತಾರೆ. ಕಾರ್ಯತಂತ್ರದ ಕಡೆ 1962ರ ಚಾಂಡ್ಲರ್, 1965ರ ಆನ್ಸಾಫ್, 1980ರ ಪೋರ್ಟರ್.

ಎರಡೂ ಮನೆತನಗಳ ನಡುವೆ ಸಂಬಂಧ ಬೆಳೆಸಿದವರಲ್ಲಿ ಹೆನ್ರಿ ಮಿಂಟ್ಸ್‌ಬರ್ಗ್ ಮುಖ್ಯರು. 1976ರಲ್ಲಿ ಅವರು ಇಬ್ಬರು ಸಹಲೇಖಕರ ಜೊತೆ 25 ದೊಡ್ಡ ನಿರ್ಧಾರಗಳ ಜಾಡು ಹಿಡಿದರು. 1978ರಲ್ಲಿ, ಕಾರ್ಯತಂತ್ರವೆಂದರೆ ನಿರ್ಧಾರಗಳ ಪ್ರವಾಹದಲ್ಲಿ ಕಾಣುವ ಒಂದು ವಿನ್ಯಾಸ ಎಂದರು. ಮೊದಲೇ ಯೋಜಿಸಿದ್ದೇ ಆಗಬೇಕಿಲ್ಲ, ಹಿಂದಿರುಗಿ ನೋಡಿದಾಗಲೂ ಕಾಣಬಹುದು. 1990ರ ಹೊತ್ತಿಗೆ ಜೇಮ್ಸ್ ವಾಟರ್ಸ್ ಜೊತೆ ಸೇರಿ, ‘ನಿರ್ಧಾರ’ ಎಂಬ ಕಲ್ಪನೆಯೇ ನಮ್ಮ ದಾರಿಗೆ ಅಡ್ಡ ಬರುತ್ತಿದೆಯೇ ಎಂದು ಕೇಳಿದರು. ಎಷ್ಟೋ ಕೆಲಸಗಳು ಯಾರೂ ಕುಳಿತು ನಿರ್ಧರಿಸದೆಯೇ ನಡೆದುಹೋಗುತ್ತವೆ ಎಂಬುದು ಅವರ ಸಂಶಯ. ನಿಮ್ಮ ಶೀರ್ಷಿಕೆಯಲ್ಲಿ ‘ನಿರ್ಧಾರ ಮತ್ತು ಕಾರ್ಯತಂತ್ರ’ ಎಂದಿದೆಯಲ್ಲ, ನಡುವಿನ ಆ ‘ಮತ್ತು’ ಎಂಬುದಕ್ಕೆ ನೀವು ಕೊಡುವ ಅರ್ಥವನ್ನು ಅಧ್ಯಾಯದ ಮೊದಲ ಎರಡು ಪುಟಗಳಲ್ಲೇ ಹೇಳಿಬಿಡಿ. ಹೇಳದಿದ್ದರೆ ವೈವಾದಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ ಆಗಬಹುದು.

ಎರಡನೆಯ ಹೆಜ್ಜೆ ಕೋಷ್ಟಕ. ಜೇನ್ ವೆಬ್‌ಸ್ಟರ್ ಮತ್ತು ರಿಚರ್ಡ್ ವಾಟ್ಸನ್ 2002ರಲ್ಲಿ ಸಮೀಕ್ಷೆ ಬರೆಯುವುದರ ಬಗ್ಗೆಯೇ ಒಂದು ಲೇಖನ ಬರೆದರು, ಚಿಕ್ಕದು, ಬಹಳ ಉಪಯುಕ್ತ. ಬರಹವನ್ನು ಲೇಖಕರ ಸುತ್ತ ಕಟ್ಟಬೇಡಿ, ಪರಿಕಲ್ಪನೆಗಳ ಸುತ್ತ ಕಟ್ಟಿ ಎಂಬುದು ಅವರ ಸಲಹೆ. ಎಕ್ಸೆಲ್‌ನಲ್ಲಿ ಅಡ್ಡಸಾಲಿಗೊಂದು ಲೇಖನ ಹಾಕಿ. ಕಂಬಸಾಲುಗಳಲ್ಲಿ ಕೂಲಂಕಷತೆ, ವೇಗ, ಒಳರಾಜಕೀಯ, ಮಾಲೀಕರ ಹಿನ್ನೆಲೆ, ಪರಿಸರದ ಬಗೆ ಇತ್ಯಾದಿ ಇರಲಿ. ಇವುಗಳ ಜೊತೆ ಇನ್ನೂ ಮೂರು ಕಂಬಸಾಲುಗಳನ್ನು ನಾನು ಸೇರಿಸುತ್ತೇನೆ: ಯಾವ ಉದ್ಯಮ, ಹೇಗೆ ಅಳೆದರು, ಯಾರ ಜೊತೆ ಒಪ್ಪುವುದಿಲ್ಲ. ಕೊನೆಯ ಕಂಬಸಾಲು ತುಂಬಲು ಕಷ್ಟ, ಲೇಖನವನ್ನು ಮತ್ತೆ ಓದಬೇಕಾಗುತ್ತದೆ. ಓದಿ. ಅಧ್ಯಾಯ ಹುಟ್ಟುವುದೇ ಆ ಕಂಬಸಾಲಿನಿಂದ. ಬರೆಯುವಾಗ ಅಡ್ಡಸಾಲು ಬಿಟ್ಟು ಕಂಬಸಾಲು ಹಿಡಿದು ಬರೆಯಿರಿ. ಪ್ಯಾರಾದ ಮೊದಲ ವಾಕ್ಯ ಹೆಸರಿನಿಂದ ಶುರುವಾಗದೆ, ‘ಅಸ್ಥಿರ ಮಾರುಕಟ್ಟೆಯಲ್ಲಿ ಕೂಲಂಕಷತೆ ಫಲ ಕೊಡುತ್ತದೆಯೇ ಎಂಬುದರಲ್ಲಿ ಒಮ್ಮತವಿಲ್ಲ’ ಎಂಬಂಥ ಮಾತಿನಿಂದ ಶುರುವಾಗಲಿ. ಹೆಸರುಗಳು ಆಮೇಲೆ ಸಾಕ್ಷಿಗಳಾಗಿ ಬರುತ್ತವೆ.

ಹುಡುಕಾಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೆ ತಿಳಿದೇ ಇದೆ. ಒಳ್ಳೆಯ ಲೇಖನವೊಂದು ಸಿಕ್ಕರೆ ಅದರ ಆಕರಪಟ್ಟಿ ಹಿಡಿದು ಹಿಂದಕ್ಕೆ ಹೋಗಿ, ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಉಲ್ಲೇಖಿಸಿದವರನ್ನು ಹಿಡಿದು ಮುಂದಕ್ಕೆ ಬನ್ನಿ. ಭಾರತದ ಮಹಾಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಇದೆ. ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಾವಿರಾರು ನಿಯತಕಾಲಿಕಗಳನ್ನು ತೆರೆದಿದೆ. ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಲಾಗಿನ್ ಬಗ್ಗೆ ವಿಚಾರಿಸಿ. ಒಂದು ಎಚ್ಚರಿಕೆ ಮಾತ್ರ: ಕೃತಕ ಬುದ್ಧಿಮತ್ತೆಯ ಸಾಧನ ಕೊಟ್ಟ ಉಲ್ಲೇಖವನ್ನು ಮೂಲ ಲೇಖನ ಕೈಗೆ ಸಿಗುವ ತನಕ ಬಳಸಬೇಡಿ. ಇಲ್ಲದ ಲೇಖನಗಳಿಗೂ ಅವು ನಂಬುವಂಥ ಶೀರ್ಷಿಕೆ, ವರ್ಷ, ಪುಟಸಂಖ್ಯೆ ಹುಟ್ಟಿಸಿಬಿಡುತ್ತವೆ.

ಕೃತಿಚೌರ್ಯದ ಭಯವೂ ಪಟ್ಟಿ ಬರೆಯುವ ಅಭ್ಯಾಸಕ್ಕೆ ಒಂದು ಕಾರಣ ಎಂದು ನನ್ನ ಅನಿಸಿಕೆ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಅದನ್ನು ದಾಟಬಾರದೆಂದು ಸಾರಾಂಶದ ಪದಗಳನ್ನು ಒಂದೊಂದಾಗಿ ಬದಲಿಸುತ್ತಾ ಕೂರುವವರನ್ನು ಬೇಕಾದಷ್ಟು ನೋಡಿದ್ದೇನೆ. ನೋಡಿದಾಗಲೆಲ್ಲ ಬೇಸರವಾಗುತ್ತದೆ, ಏಕೆಂದರೆ ಆ ದುಡಿಮೆಯಿಂದ ಕಲಿಕೆಯೂ ಇಲ್ಲ, ಬರವಣಿಗೆಯೂ ಇಲ್ಲ. ಎರಡು ಲೇಖನಗಳನ್ನು ಎದುರುಬದುರು ಇಟ್ಟು ಅವು ಏಕೆ ಬೇರೆಯಾದವು ಎಂದು ನೀವೇ ವಿಚಾರ ಮಾಡಿ ಬರೆದ ಪ್ಯಾರಾ ಮತ್ತೆಲ್ಲೂ ಇರುವುದಿಲ್ಲ. ಅದನ್ನು ಯಾವ ತಂತ್ರಾಂಶದ ಮುಂದೆಯೂ ಧೈರ್ಯವಾಗಿ ಇಡಬಹುದು.

ಈಗ ಎರಡನೆಯ ಪ್ರಶ್ನೆ, ಇನ್ನೂ ಎಷ್ಟು ಓದಬೇಕು. ಸದ್ಯಕ್ಕೆ ಹೊಸದೇನೂ ಬೇಡ. ಇರುವ 140ರಲ್ಲಿ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಮೂವತ್ತನ್ನು ಆರಿಸಿ, ಕೋಷ್ಟಕಕ್ಕೆ ಹಾಕಿ. ಉಳಿದವು ಹಿನ್ನೆಲೆ, ಕೆಲವಕ್ಕೆ ಒಂದು ವಾಕ್ಯ ಸಾಕು, ಕೆಲವನ್ನು ಬಿಟ್ಟರೂ ನಡೆಯುತ್ತದೆ. ಬಿಡುವುದು ಕಷ್ಟ ಎಂದು ಗೊತ್ತು, ರಾತ್ರಿ ನಿದ್ದೆಗೆಟ್ಟು ಓದಿದ ಲೇಖನಗಳವು. ಆದರೆ ನಿಮ್ಮ ಶ್ರಮಕ್ಕೆ ಸಾಕ್ಷಿ ಒದಗಿಸುವುದು ಅಧ್ಯಾಯದ ಕೆಲಸವಲ್ಲ. ಕೋಷ್ಟಕ ತುಂಬಿದಾಗ ಯಾವ ಕಂಬಸಾಲು ಖಾಲಿಯಿದೆಯೋ ಅದಕ್ಕೆ ಬೇಕಾದಷ್ಟನ್ನು ಮಾತ್ರ ಹುಡುಕಿ ಓದಿ. ಹೊಸ ಲೇಖನ ತೆರೆದಾಗ ಅದರ ಆಕರಪಟ್ಟಿಯಲ್ಲಿ ಪರಿಚಯದ ಹೆಸರುಗಳೇ ಕಾಣತೊಡಗಿ, ಹೊಸ ಕಂಬಸಾಲು ಸೇರಿಸುವ ಅಗತ್ಯ ಬೀಳದಿದ್ದರೆ, ನಿಲ್ಲಿಸುವ ಹೊತ್ತು ಬಂತು. ಆಮೇಲೆ ಪ್ರಬಂಧ ಸಲ್ಲಿಸುವ ಮೂರು ತಿಂಗಳ ಮುಂಚೆ ಇನ್ನೊಮ್ಮೆ ಹುಡುಕಿ, ನಡುವೆ ಬಂದ ಹೊಸದನ್ನು ಸೇರಿಸಿಕೊಂಡರಾಯಿತು.

70 ಪುಟವನ್ನು ತಿದ್ದಲು ಹೋಗಬೇಡಿ, ತಿದ್ದಿದರೆ ಅದು ಪಟ್ಟಿಯಾಗಿಯೇ ಉಳಿಯುತ್ತದೆ. ಅದನ್ನು ಟಿಪ್ಪಣಿ ಪುಸ್ತಕ ಎಂದುಕೊಂಡು ಪಕ್ಕಕ್ಕಿಡಿ. ಮುಂದಿನ ಸಲ ಗೈಡ್ ಅವರನ್ನು ಕಾಣಲು ಹೋಗುವಾಗ ಕೋಷ್ಟಕದ ಒಂದು ಹಾಳೆ ಮತ್ತು ಒಂದೇ ಒಂದು ಜಗಳದ ಬಗ್ಗೆ ಬರೆದ ಎರಡು ಪುಟ ಒಯ್ಯಿರಿ. ‘ಸರ್, ಈ ಇಬ್ಬರು ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ನನ್ನ ಉತ್ತರ ಇದು, ಸರಿಯೇ?’ ಎಂದು ಕೇಳಿ. ಈ ಸಲ ಒಂದು ಸಾಲು ಬರೆದು ಹಿಂದಿರುಗಿಸಲು ಅವರಿಗೂ ಆಗುವುದಿಲ್ಲ, ಕೂತು ಮಾತಾಡಲೇಬೇಕಾಗುತ್ತದೆ.